ಗೋಮುಖ ವ್ಯಾಘ್ರದಂಥ ಫೈಲುಗಳು: ಮನೆಯ ಕಂಪ್ಯೂಟರ್, ಮೊಬೈಲ್ ಕಾಪಾಡಿಕೊಳ್ಳುವುದು ಹೇಗೆ?



ಒಂದು ಮದುವೆ ಸೀಜನ್ನಿನಲ್ಲಿ ಮುದಗಲ್ ಹತ್ತಿರದ ಹಳ್ಳಿಯ ಸಂಘದ ಸದಸ್ಯೆಯೊಬ್ಬರು ನಮ್ಮ ಕೇಂದ್ರಕ್ಕೆ ಬಂದು ಕಣ್ಣೀರು ಹಾಕಿದರು. "ಸಿಸ್ಟರ್, ಮದುವಿ ಕಾರ್ಡ್ ಅಂತ ತಿಳಿದು ಒತ್ತಿದೆರಿ. ಖಾತೆದಾಗಿನ ರೊಕ್ಕ ಎಲ್ಲಾ ಹೋಗ್ಯಾವ್ರಿ" ಎಂದರು. ಸಂಘದ ಸಾಲದ ಕಂತಿಗೆಂದು ಕೂಡಿಸಿಟ್ಟ ಹಣ ಅದು. ಕಾರ್ಡ್ ಬಂದದ್ದು ಗುರುತಿಲ್ಲದವರಿಂದಲ್ಲ, ತವರಿನ ಸಂಬಂಧಿಯ ನಂಬರಿನಿಂದಲೇ. ಗಂಡ ಬೈತಾನೆ, ಸಂಘದವರು ಏನಂತಾರೆ ಎಂಬ ಅಂಜಿಕೆಯಿಂದ ಅವರು ಎರಡು ದಿನ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಹಣ ಕೈಗೆ ಸಿಗದಷ್ಟು ದೂರ ಹೋಗಿತ್ತು.

ಆ ಅಕ್ಕ ದಡ್ಡರಲ್ಲ. ಹತ್ತು ವರ್ಷ ಸಂಘದ ಲೆಕ್ಕ ಬರೆದವರು. ಆದರೆ ವೇಷ ಹಾಕಿಕೊಂಡು ಬರುವ ಫೈಲನ್ನು ಗುರುತಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಸಲದ ಪಾಠ ಅದರ ಬಗ್ಗೆಯೇ.

ವೇಷ ಎಂದರೇನು?

ಮೇಲೆ ಆಕಳ ಮುಖ, ಒಳಗೆ ಹುಲಿ. ಇದನ್ನೇ ನಮ್ಮ ಹಿರಿಯರು ಗೋಮುಖ ವ್ಯಾಘ್ರ ಎಂದರು. ಕೆಟ್ಟ ಫೈಲು ಸಹ ಫೋಟೋ, ಬಿಲ್ಲು, ಲಗ್ನಪತ್ರಿಕೆ, ಸರ್ಕಾರದ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ಬರುತ್ತದೆ. ಅದು ಬಂದು ಕುಳಿತ ಮಾತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾವೇ ಒತ್ತಿ ತೆರೆದಾಗ ಅದಕ್ಕೆ ಜೀವ ಬರುತ್ತದೆ. ಮುದಗಲ್ ಕೋಟೆಗೆ ಎಷ್ಟು ದಪ್ಪ ಗೋಡೆ ಇದ್ದರೇನು, ಒಳಗಿನವರೇ ಬಾಗಿಲು ತೆಗೆದರೆ ವೈರಿ ಗೋಡೆ ಹತ್ತುವ ಅಗತ್ಯವೇ ಇಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. 2000ನೇ ಇಸವಿ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ 'ಐ ಲವ್ ಯು' ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತು. ಪ್ರೇಮಪತ್ರ ಎಂಬ ಹೆಸರಿನ ಫೈಲು ಇ-ಮೇಲಿನಲ್ಲಿ ಬರುತ್ತಿತ್ತು. ನೋಡುವವರಿಗೆ ಅದು ಬರೀ ಓದುವ ಕಾಗದದಂತೆ ಕಾಣುತ್ತಿತ್ತು. ತೆರೆದರೆ ಫೋಟೋಗಳನ್ನು ಹಾಳು ಮಾಡಿ, ಆ ಕಂಪ್ಯೂಟರಿನಲ್ಲಿದ್ದ ಎಲ್ಲ ವಿಳಾಸಗಳಿಗೂ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ಹಾಗಾಗಿ ಪತ್ರ ಬರುತ್ತಿದ್ದುದು ಗುರುತಿನವರಿಂದಲೇ! ಪರಿಚಯದ ಹೆಸರು ನೋಡಿ ನಂಬುವ ತಪ್ಪು ಅಂದಿನದೇ.

ನಮ್ಮ ರಾಜ್ಯದಲ್ಲಿ ಆದದ್ದು

2024ರಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಒಂದು ವಂಚನೆಯನ್ನು ಬಯಲಿಗೆ ತಂದಿತು. ನಿಮ್ಮ ಗಾಡಿಗೆ ದಂಡ ಬಿದ್ದಿದೆ ಎಂದು ಸಾರಿಗೆ ಇಲಾಖೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಸಂದೇಶ ಬರುತ್ತಿತ್ತು. ಅದರ ಜೊತೆಗಿದ್ದ ಆ್ಯಪ್ ಹಾಕಿಕೊಂಡವರ ಫೋನಿನ ಮೆಸೇಜುಗಳೆಲ್ಲ ಕಳ್ಳರಿಗೆ ಹೋಗುತ್ತಿದ್ದವು. 4,400ಕ್ಕೂ ಹೆಚ್ಚು ಫೋನುಗಳು ಸಿಕ್ಕಿಬಿದ್ದಿದ್ದವು, 16 ಲಕ್ಷಕ್ಕೂ ಹೆಚ್ಚು ರೂಪಾಯಿಯ ವಂಚನೆ ಆಗಿತ್ತು. ಹೆಚ್ಚು ಪೆಟ್ಟು ತಿಂದ ರಾಜ್ಯ ಗುಜರಾತ್, ಅದರ ನಂತರ ನಮ್ಮ ಕರ್ನಾಟಕ.

ಕಳವು ನಡೆಯುವುದು ಹೀಗೆ. ಆ್ಯಪ್ ಮೊದಲು "ಮೆಸೇಜ್ ಓದಲು ಅನುಮತಿ ಕೊಡಿ" ಎನ್ನುತ್ತದೆ. ನಾವು ಅವಸರದಲ್ಲಿ ಹ್ಞೂಂ ಎಂದು ಒತ್ತುತ್ತೇವೆ. ಬ್ಯಾಂಕು ಕಳಿಸುವ ಓಟಿಪಿ ಕೂಡ ಮೆಸೇಜೇ ಅಲ್ಲವೇ? ಅದು ನಾವು ನೋಡುವ ಮೊದಲೇ ಕಳ್ಳನ ಕೈಗೆ ಹೋಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಸಭೆಯಲ್ಲಿ ಕಲಿತಿದ್ದೇವೆ. ಇಲ್ಲಿ ನಾವು ಹೇಳುವುದೇ ಬೇಡ, ಫೋನೇ ಹೇಳಿಬಿಡುತ್ತದೆ.

ಬಾಲ ನೋಡಿ ಗುರುತಿಸಿ

ಪ್ರತಿ ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕೆ, ಅದರ ಮುಂದೆ ಕೆಲವು ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಅದನ್ನು ಫೈಲಿನ ಬಾಲ ಎನ್ನೋಣ. ಹೆಸರು ಸುಳ್ಳು ಹೇಳಬಹುದು, ಚಿತ್ರವೂ ಸುಳ್ಳು ಹೇಳಬಹುದು. ಆದ್ದರಿಂದ ಬಾಲವನ್ನೇ ನೋಡಬೇಕು.

1. ಫೋಟೋದ ಬಾಲ ಸಾಮಾನ್ಯವಾಗಿ ಜೆಪಿಜಿ, ಕಾಗದಪತ್ರದ್ದು ಪಿಡಿಎಫ್.

2. ಮೊಬೈಲಿನಲ್ಲಿ ಎಪಿಕೆ ಎಂದಿದ್ದರೆ ಅದು ಆ್ಯಪ್, ಕಾರ್ಡ್ ಅಲ್ಲ. ಲಗ್ನಪತ್ರಿಕೆಗೆ ಎಪಿಕೆ ಬಾಲ ಇರುವುದೇ ಇಲ್ಲ. ಯಾರೇ ಕಳಿಸಿರಲಿ, ಮುಟ್ಟದೆ ಅಳಿಸಿಹಾಕಿ.

3. ಕಂಪ್ಯೂಟರಿನಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಬಿಎಟಿ, ವಿಬಿಎಸ್ ಎಂಬ ಬಾಲಗಳು ಕೆಲಸ ಮಾಡುವ ಪ್ರೋಗ್ರಾಮುಗಳವು. ಇಂಥದ್ದು ಫೋಟೋ ಎಂದು ಬಂದರೆ ವೇಷ ಎಂದೇ ತಿಳಿಯಿರಿ.

ಕಂಪ್ಯೂಟರಿನಲ್ಲಿ ಒಂದು ತೊಂದರೆ ಇದೆ. ವಿಂಡೋಸ್ ಸಾಮಾನ್ಯವಾಗಿ ಬಾಲವನ್ನು ಮುಚ್ಚಿಡುತ್ತದೆ. ಹೀಗಾಗಿ ಕಳ್ಳ ಎರಡು ಬಾಲ ಕಟ್ಟುತ್ತಾನೆ: ಮದುವೆಫೋಟೋ.ಜೆಪಿಜಿ.ಇಎಕ್ಸ್‌ಇ. ಕೊನೆಯದು ಮುಚ್ಚಿಹೋಗಿ ನಮಗೆ ಜೆಪಿಜಿ ಅಷ್ಟೇ ಕಾಣುತ್ತದೆ. ಇದಕ್ಕೆ ಪರಿಹಾರ ಸುಲಭ. ಫೋಲ್ಡರ್ ತೆರೆದು ಮೇಲಿನ 'ವ್ಯೂ' ಒತ್ತಿ. ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿ. ವಿಂಡೋಸ್ 11ರಲ್ಲಿ ಇದು 'ವ್ಯೂ' ಒಳಗಿನ 'ಶೋ' ಎಂಬಲ್ಲಿದೆ. ಒಮ್ಮೆ ಮಾಡಿದರೆ ಸಾಕು. ಕಾಲೇಜಿಗೆ ಹೋಗುವ ಮಗಳೋ ಮಗನೋ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಮನೆಯಲ್ಲಿ ಪಾಲಿಸಬೇಕಾದದ್ದು

ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ. ಅಲ್ಲಿಯೂ ಯಾರು ಮಾಡಿದ್ದು, ಏನೇನು ಅನುಮತಿ ಕೇಳುತ್ತದೆ ಎಂದು ನೋಡಿ. ಅಪರಿಚಿತ ಮೂಲದಿಂದ ಇನ್‌ಸ್ಟಾಲ್ ಮಾಡಲೇ ಎಂದು ಫೋನು ಕೇಳಿದರೆ ಬೇಡ ಎನ್ನಿ. ಗುರುತಿನವರಿಂದ ಸಂಶಯದ ಫೈಲು ಬಂದರೆ ಅವರಿಗೆ ಫೋನ್ ಮಾಡಿ "ನೀನೇ ಕಳ್ಸೀಯೇನವ್ವಾ?" ಎಂದು ಕೇಳಿ. ಒಂದು ನಿಮಿಷದ ಮಾತು ಒಂದು ವರ್ಷದ ಉಳಿತಾಯವನ್ನು ಕಾಯುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಉಚಿತವಾಗಿಯೇ ಇದೆ, ಅದನ್ನು ಬಂದ್ ಮಾಡಬೇಡಿ. ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ವಿಂಡೋಸ್ 11 ನಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ನನ್ನ ತಪ್ಪನ್ನೂ ಹೇಳುತ್ತೇನೆ. ಹಲವು ವರ್ಷದ ಹಿಂದೆ ಯಾರೋ ಕೊಟ್ಟ ಪೆನ್‌ಡ್ರೈವನ್ನು ಹಿಂದುಮುಂದು ನೋಡದೆ ಕೇಂದ್ರದ ಕಂಪ್ಯೂಟರಿಗೆ ಚುಚ್ಚಿದೆ. ಅದರಲ್ಲಿ ಫೋಲ್ಡರಿನಂತೆ ಕಂಡದ್ದು ಫೋಲ್ಡರ್ ಆಗಿರಲಿಲ್ಲ. ಆ ವರ್ಷದ ತರಬೇತಿಯ ಪಟ್ಟಿ, ಲೆಕ್ಕ ಎಲ್ಲ ಕೆಟ್ಟುಹೋಯಿತು. ಕೈಯಿಂದ ಬರೆದ ಪುಸ್ತಕ ಇದ್ದುದರಿಂದ ಬಚಾವಾದೆ. ಅಂದಿನಿಂದ ಮುಖ್ಯ ಕಾಗದಗಳ ಇನ್ನೊಂದು ನಕಲನ್ನು ಬೇರೆ ಪೆನ್‌ಡ್ರೈವಿನಲ್ಲಿ ಹಾಕಿ, ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿ ಇಡುತ್ತೇನೆ. ಬಿತ್ತನೆ ಬೀಜವನ್ನು ನಾವು ಬೇರೆಯೇ ಎತ್ತಿಡುವುದಿಲ್ಲವೇ, ಹಾಗೆ.

ಒತ್ತಿಬಿಟ್ಟರೆ ಏನು ಮಾಡಬೇಕು?

1. ತಕ್ಷಣ ಇಂಟರ್ನೆಟ್ ಬಂದ್ ಮಾಡಿ. ಮೊಬೈಲ್ ಆದರೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ತೆಗೆಯಿರಿ.

2. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಖಾತೆಯ ವ್ಯವಹಾರ ನಿಲ್ಲಿಸಿ.

3. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ಸಹಾಯವಾಣಿ. ನಂತರ ಪೊಲೀಸ್ ಠಾಣೆಗೂ ಹೋಗಿ ದೂರು ಕೊಡಿ.

4. ಬೇರೆ ಫೋನಿನಿಂದ ಪಾಸ್‌ವರ್ಡ್, ಪಿನ್ ಬದಲಿಸಿ. ಕೆಟ್ಟ ಮೆಸೇಜಿನ ಫೋಟೋ ತೆಗೆದಿಟ್ಟುಕೊಂಡ ಮೇಲೆ ತಿಳಿದವರಿಂದ ಫೋನು ಸ್ವಚ್ಛ ಮಾಡಿಸಿ.

5. ನಿಮ್ಮ ನಂಬರಿನಿಂದ ಬಂದ ಫೈಲು ತೆರೆಯಬೇಡಿ ಎಂದು ಬಂಧು-ಬಳಗಕ್ಕೆ ಹೇಳಿ.

ಎಷ್ಟು ಬೇಗ ತಿಳಿಸುತ್ತೇವೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ನಮ್ಮದೇ ಅಜಾಗ್ರತೆಯಿಂದ ನಷ್ಟವಾದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿದೆ. ಆ ಅಕ್ಕ ಅಂಜಿಕೊಂಡು ಕೂತ ಎರಡು ದಿನದ ಬೆಲೆ ಈಗ ನಿಮಗೆ ತಿಳಿದಿರಬಹುದು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಯಾರಿಗೆ ಇಂಥ ಫೈಲು ಬಂದಿದೆ? ಅವರು ಏನು ಮಾಡಿದರು?

2. ಮೋಸಹೋದ ಸದಸ್ಯೆ ಬಂದು ಹೇಳಿದರೆ ನಾವು ಬೈಯುತ್ತೇವೆಯೇ, ಜೊತೆಗೆ ನಿಲ್ಲುತ್ತೇವೆಯೇ?

3. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಒಂದು ಫೈಲಿನ ಬಾಲ ಹುಡುಕಿ ಪಕ್ಕದವರಿಗೆ ತೋರಿಸಿ.

ಈ ವಾರವೇ ಒಂದು ಠರಾವು ಮಾಡಿರಿ: ಮೋಸಹೋದವರನ್ನು ಯಾರೂ ಆಡಿಕೊಳ್ಳಬಾರದು, ಅವರು ಅದೇ ಗಳಿಗೆಯಲ್ಲಿ ಪ್ರತಿನಿಧಿಗೆ ತಿಳಿಸಬೇಕು. ಉಳಿತಾಯದ ಪಾಸ್ ಪುಸ್ತಕದ ಹೊದಿಕೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಯಿರಿ. ಓದು ಬಾರದ ತಾಯಂದಿರಿಗೂ ಈ ನಾಲ್ಕು ಅಂಕಿ ಬಾಯಿಪಾಠ ಮಾಡಿಸಿ.