ಹೆಣ್ಣು ನೋಡಲು ಮಾತ್ರ ಹೋಗಬೇಡ

ಪ್ರೀತಿಯ ಮಗೂ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಗೇ ಎಂದು ಮನೆಯಲ್ಲಿ ಹೇಳಿ ಮೂರು ತಿಂಗಳಾಯಿತು, ಅಪ್ಪ ಮಾತು ಬಿಟ್ಟಿದ್ದಾರೆ, ಅಮ್ಮ ಊಟಕ್ಕೆ ಕರೆಯುವುದು ಬಿಟ್ಟರೆ ಬೇರೇನೂ ಆಡುವುದಿಲ್ಲ ಎಂದು ಬರೆದಿದ್ದೀಯ. ಒಂದು ಕಾಲಕ್ಕೆ ನಾನೂ ಅಂಥ ಅಮ್ಮನೇ. ನಿನ್ನಂಥ ಇನ್ನಷ್ಟು ಮಕ್ಕಳಿಗೆ ತಲುಪಲಿ ಎಂದು ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ನನ್ನ ಮಗ ಹೇಳಿದ್ದು 2014ರ ಸಂಕ್ರಾಂತಿಯ ಮರುದಿನ. ತಿಂಗಳ ಹಿಂದಷ್ಟೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಇಂಥ ಸಂಬಂಧವನ್ನು ಅಪರಾಧವೆನ್ನುವ 377ನೇ ಕಲಂಗೆ ಮತ್ತೆ ಜೀವ ಕೊಟ್ಟಿತ್ತು. ನಮ್ಮ ಯಜಮಾನರು ಮೊದಲು ಕೇಳಿದ್ದು, "ಪೊಲೀಸರು ಬರ್ತಾರೇನೋ?" ಮಗನಿಗೆ ಅದು ಅವಮಾನದಂತೆ ಕೇಳಿಸಿತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು, ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ನಿದ್ದೆ ಬಾರದ ಮನುಷ್ಯ. ಹೆತ್ತ ಮಗನೇ ಕಾನೂನಿನ ಕಣ್ಣಿಗೆ ಅಪರಾಧಿ ಎಂದರೆ ಹೆದರದೆ ಏನು ಮಾಡಿಯಾರು? ನಿಮ್ಮಪ್ಪನ ಮೌನದೊಳಗೂ ಇಂಥದೇ ಭಯ ಇರಬಹುದು. ಒಪ್ಪಿ ಕೂಡಿದ ವಯಸ್ಕರಿಗೆ ಆ ಕಲಂ ಅನ್ವಯಿಸದು ಎಂದು 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಅದನ್ನು ನೀನೇ ಅವರಿಗೆ ತಿಳಿಸು.

ನನ್ನ ಕಷ್ಟ ಬೇರೆ. ನನಗೆ ಮಾತೇ ಇರಲಿಲ್ಲ. ಬೀದಿಯಲ್ಲಿ ಕೇಳಿದ್ದವೆಲ್ಲ ಬೈಗುಳ. ಪೇಪರಿನಲ್ಲಿದ್ದದ್ದು 'ಸಲಿಂಗಕಾಮಿ'. 'ಕಾಮ' ಸೇರಿದ ಪದವನ್ನು ತನ್ನ ಮಗನ ಬಗ್ಗೆ ಯಾವ ತಾಯಿ ಬಾಯಿಬಿಟ್ಟು ಆಡಿಯಾಳು? ಜ್ವರ ಬಂದಾಗ ಗಂಜಿ ಕಾಯಿಸಿಕೊಡಲು ಒಬ್ಬರಿರಲಿ ಎಂಬ ಆಸೆ ಅವನಿಗೂ ಇದೆ ಅನ್ನುವುದು ಆ ಪದದಲ್ಲಿ ಕಾಣಿಸುವುದೇ ಇಲ್ಲ. ಮಗ ಟೀಪಾಯಿಯ ಮೇಲೆ, ಗೇ ಯುವಕನೊಬ್ಬನ ಕಥೆಗಳಿರುವ, ವಸುಧೇಂದ್ರರ 'ಮೋಹನಸ್ವಾಮಿ' ಬಿಟ್ಟುಹೋಗಿದ್ದ. ಮಧ್ಯಾಹ್ನ ಒಬ್ಬಳೇ ಕೂತು ಓದಿದೆ. ಮಗ ಒಬ್ಬನೇ ನುಂಗಿಕೊಂಡ ವರ್ಷಗಳು ನೆನಪಾಗಿ ತುಂಬ ಅತ್ತೆ.

ಅದಕ್ಕೂ ಮೊದಲೊಂದು ತಪ್ಪು ಮಾಡಿದ್ದೆವು. ಅವನನ್ನು ವೈದ್ಯರೊಬ್ಬರ ಬಳಿ ಕರೆದೊಯ್ದೆವು. ಮಾತ್ರೆ ಬರೆದು, "ಮದುವೆ ಮಾಡಿ, ಸರಿಹೋಗ್ತಾನೆ" ಅಂದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತೆಂದು ನಮಗೆ ಗೊತ್ತಿರಲಿಲ್ಲ. ಇದನ್ನು 'ವಾಸಿ ಮಾಡುತ್ತೇವೆ' ಎನ್ನುವ ಚಿಕಿತ್ಸೆ ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ಆ ವೈದ್ಯರ ಮಾತು ನಂಬಿ ನಾನಂತೂ ಜಾತಕ ಹೊರಗೆ ತೆಗೆದೆ. ಹುಡುಗಿಯ ಫೋಟೋವೂ ಬಂತು. ನಗುಮುಖ, ಬಿ.ಎಡ್. ಓದಿದವಳು. ಆ ರಾತ್ರಿ ಮಗ ಪಕ್ಕದಲ್ಲಿ ಕೂತು, "ಅಮ್ಮ, ಇವಳು ನಿನ್ನ ಮಗಳಾಗಿದ್ದರೆ ನನ್ನಂಥವನಿಗೆ ಕೊಡ್ತಿದ್ದೆಯಾ?" ಅಂದ. ಬೆಳಗಾಗುತ್ತಲೇ ಫೋಟೋ ವಾಪಸು ಕಳಿಸಿದೆ.

ಯಜಮಾನರು ಸಮಾಧಾನಕ್ಕೆ ಬರಲು ನಾಲ್ಕು ವರ್ಷ ಹಿಡಿಯಿತು. ಮೊದಮೊದಲು ಫೋನಿನಲ್ಲಿ "ಊಟ ಆಯ್ತಾ" ಅಷ್ಟೇ. ಆಮೇಲಾಮೇಲೆ ಅವನ ಸಂಗಾತಿಯ ಆರೋಗ್ಯವನ್ನೂ ವಿಚಾರಿಸತೊಡಗಿದರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪದಿದ್ದಾಗ ರಾತ್ರಿ ಊಟ ಬಿಟ್ಟವರು ಅವರೇ. ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಆ ಸುದ್ದಿ ಓದಿದವರೇ ಮಗನಿಗೆ ಫೋನ್ ಹಚ್ಚಿದರು: "ನಾಳೇನೇ ಇಬ್ಬರೂ ಬ್ಯಾಂಕಿಗೆ ಹೋಗ್ರೋ. ಆಧಾರ್, ಪ್ಯಾನ್ ಮರೀಬೇಡಿ."

ನಿನ್ನನ್ನು ನೀನು ಒಪ್ಪಿಕೊಳ್ಳಲು ಎಷ್ಟು ವರ್ಷ ಬೇಕಾಯಿತು? ಅವರಿಗೂ ಒಂದಿಷ್ಟು ಕಾಲ ಕೊಡು. ಹೊಡೆತ, ಕೂಡಿಹಾಕುವುದು ಶುರುವಾದರೆ ಮಾತ್ರ ಕಾಯಬೇಡ. ಆ ಕ್ಷಣವೇ ಮನೆ ಬಿಟ್ಟು ಹೊರಡು. ಇಂಥ ಮಕ್ಕಳ ತಂದೆತಾಯಂದಿರದೇ 'ಸ್ವೀಕಾರ್' ಎಂಬ ಬಳಗವಿದೆ, ಅಮ್ಮನಿಗೆ ಹೇಳು. ನನ್ನ ನಂಬರೂ ಕೊಡು.

ಹೆಣ್ಣು ನೋಡಲು ಕರೆದರೆ ಹೋಗಬೇಡ. ಅಮ್ಮ ಎಷ್ಟೇ ಅತ್ತರೂ ಹೋಗಬೇಡ, ಮಗೂ. ಆ ಹುಡುಗಿಗೂ ಒಬ್ಬಳು ಅಮ್ಮ ಇದ್ದಾಳೆ.

ಇಂತಿ,
ನಿನ್ನಂಥ ಮಗನೊಬ್ಬನ ತಾಯಿ