ದೋಣಿಯಲ್ಲಿ ಗಾಳಿಯ ಸಿಲಿಂಡರು

ದೊಡ್ಡಬಳ್ಳಾಪುರದ ಪೇಟೆಯ ಬೀದಿಯಲ್ಲಿ ಆಕ್ಸಿಜನ್ ಸಿಲಿಂಡರುಗಳನ್ನು ಹೊತ್ತ ಲಾರಿ ಹಾದುಹೋಗುವುದನ್ನು ನೀವು ಕಂಡಿರಬಹುದು. ಆಳೆತ್ತರದ ಆ ಉಕ್ಕಿನ ಪಾತ್ರೆಗಳು ಒಂದಕ್ಕೊಂದು ತಾಗಿ ನೆಟ್ಟಗೆ ನಿಂತಿರುತ್ತವೆ. ಅವೆಲ್ಲವನ್ನೂ ಬಳಸಿ ಒಂದು ಸರಪಳಿಯನ್ನು ಬಿಗಿದಿರುತ್ತಾರೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ದಿನನಿತ್ಯದ ನೋಟವಾದುದರಿಂದ ಅದರ ಬಗೆಗೆ ಯಾರೂ ಪ್ರಶ್ನೆ ಕೇಳಿದವರಲ್ಲ. ಪ್ರಶ್ನೆ ಹುಟ್ಟಿದುದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕಡಲದಂಡೆಯಲ್ಲಿ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ ಅಲ್ಲಿನ ಹವಳ, ಮೀನುಗಳನ್ನು ನೋಡಲು ಜನರು ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಪ್ರವಾಸ ಹೋಗಿದ್ದ ನಾವು ದಂಡೆಯಲ್ಲಿ ನಿಂತಿದ್ದಾಗ ಮೀನುಗಾರಿಕೆಯ ಒಂದು ಸಣ್ಣ ದೋಣಿಗೆ ಅಂಥ ಆರು ಸಿಲಿಂಡರುಗಳನ್ನು ಏರಿಸುತ್ತಿದ್ದರು. “ಸಾರ್, ನಮ್ಮೂರ ಲಾರಿಯಲ್ಲಿ ನಿಲ್ಲಿಸಿರುತ್ತಾರೆ, ಇಲ್ಲಿ ಏಕೆ ಮಲಗಿಸುತ್ತಿದ್ದಾರೆ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಊರಿಗೆ ಮರಳಿದ ಮೇಲೆ ಲೆಕ್ಕ ಹಾಕಿ ಕಂಡುಕೊಂಡುದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಪಾತ್ರೆಯ ಒಳಗೇನಿದೆಯೆಂಬುದನ್ನು ನೋಡೋಣ. ಮುಳುಗುಗಾರರು ಹೆಚ್ಚಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರು ಮಾತ್ರ; ಮನೆಯ ನೀರಿನ ಬಿಂದಿಗೆಗಿಂತ ಹೆಚ್ಚೇನೂ ದೊಡ್ಡದಲ್ಲ. ಆದರೆ ಅದರಲ್ಲಿ ಗಾಳಿಯನ್ನು 207 ಬಾರ್ ಒತ್ತಡದವರೆಗೆ, ಎಂದರೆ ವಾಯುಮಂಡಲದ ಒತ್ತಡದ ಇನ್ನೂರು ಪಾಲಿಗೂ ಮೀರಿ, ತುಂಬಿರುತ್ತಾರೆ. ಬಾಯ್ಲನ ನಿಯಮದಂತೆ ಗುಣಿಸಿದರೆ ಹೊರಗೆ ಸುಮಾರು 2,270 ಲೀಟರು ಗಾಳಿಯಾಗಬೇಕು. ನಿಜವಾಗಿ ದೊರೆಯುವುದು 2,190 ಲೀಟರಿನಷ್ಟು. ಇಷ್ಟು ಹೆಚ್ಚಿನ ಒತ್ತಡದಲ್ಲಿ ನಿಜವಾದ ಅನಿಲವು ನಿಯಮದಿಂದ ತುಸು ಸರಿಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಈ ಗಾಳಿಯ ತೂಕವೇ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚು. ಕವಾಟವೂ ಸೇರಿ ತುಂಬಿದ ಸಿಲಿಂಡರು ಸುಮಾರು 17 ಕಿಲೋಗ್ರಾಂ ತೂಗುತ್ತದೆ.

ಅದುಮಿಟ್ಟ ಗಾಳಿಯೆಂದರೆ ಅದುಮಿಟ್ಟ ಸ್ಪ್ರಿಂಗಿನಂತೆ. ಅದು ಹೊರಗಿನ ಶಾಖವನ್ನು ಪಡೆಯಲು ಅವಕಾಶವಿಲ್ಲದಷ್ಟು ಥಟ್ಟನೆ ಹಿಗ್ಗಿತೆಂದು ಭಾವಿಸಿ ಲೆಕ್ಕ ಹಾಕಿದರೆ ಹೊರಬೀಳುವ ಶಕ್ತಿ ಸುಮಾರು 450 ಕಿಲೋಜೂಲ್ ಆಗುತ್ತದೆ. ಮುರುಡೇಶ್ವರದ ಶಿವನ ಮೂರ್ತಿ 123 ಅಡಿ, ಎಂದರೆ ಸುಮಾರು 37 ಮೀಟರು ಎತ್ತರವಾಗಿದೆ. ಒಂದು ಟನ್ ತೂಕದ ಕಾರನ್ನು ಆ ಮೂರ್ತಿಯ ಎತ್ತರಕ್ಕಿಂತಲೂ ಮೇಲಕ್ಕೆ ಎತ್ತಲು ಈ ಶಕ್ತಿ ಸಾಕು! ಕವಾಟವು ಮುರಿದು 1 ಸೆಂಟಿಮೀಟರು ವ್ಯಾಸದ ರಂಧ್ರವಾಯಿತೆಂದು ಇಟ್ಟುಕೊಳ್ಳಿ. ಒತ್ತಡವನ್ನು ರಂಧ್ರದ ವಿಸ್ತೀರ್ಣದಿಂದ ಗುಣಿಸಿದರೆ 1,600 ನ್ಯೂಟನ್ನಿಗೂ ಮೀರಿದ ಬಲ ಬರುತ್ತದೆ. ಇದು ಸಿಲಿಂಡರಿನ ತೂಕದ ಸುಮಾರು ಹತ್ತು ಪಾಲು. ನ್ಯೂಟನ್ನನ ಮೂರನೆಯ ನಿಯಮವನ್ನು ರಾಕೆಟ್ಟಿನಿಂದ ಕಲಿಯಬೇಕೆಂದೇನೂ ಇಲ್ಲ.

ಆದರೆ ಇಂಥ ಅನಾಹುತ ಬಲು ಅಪರೂಪ. ಸಿಲಿಂಡರನ್ನು ಅದರ ಕೆಲಸದ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡದಲ್ಲಿ ನೀರು ತುಂಬಿ ಪರೀಕ್ಷಿಸಿರುತ್ತಾರೆ. ಪರೀಕ್ಷೆಯ ತಿಂಗಳು, ವರ್ಷಗಳನ್ನು ಅದರ ಹೆಗಲಿನ ಮೇಲೆ ಅಚ್ಚೊತ್ತಿರುತ್ತಾರೆ. ದೋಣಿಯಲ್ಲಿ ನಾವು ನಿಜವಾಗಿ ಭಯಪಡಬೇಕಾದುದು ಒಳಗಿನ ಗಾಳಿಗಲ್ಲ, ಹೊರಗಿನ ತೂಕಕ್ಕೆ.

ನೆಟ್ಟಗೆ ನಿಂತ ಸಿಲಿಂಡರನ್ನು ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 66 ಸೆಂಟಿಮೀಟರು, ವ್ಯಾಸ 18 ಸೆಂಟಿಮೀಟರಿಗೆ ತುಸು ಹೆಚ್ಚು. ಗುರುತ್ವಕೇಂದ್ರವು ನಡುವೆ, ನೆಲದಿಂದ 33 ಸೆಂಟಿಮೀಟರು ಎತ್ತರದಲ್ಲಿದೆಯೆನ್ನೋಣ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ತಳದ ಅಂಚನ್ನು ದಾಟಿದೊಡನೆ ವಸ್ತು ಉರುಳುತ್ತದೆಂದು ನೀವು ಓದಿದ್ದೀರಿ. 9ನ್ನು 33ರಿಂದ ಭಾಗಿಸಿ ಸ್ಪರ್ಶಕದ ಕೋಷ್ಟಕವನ್ನು ನೋಡಿದರೆ ಕೋನವು 15 ಡಿಗ್ರಿಯ ಸಮೀಪವಿರುತ್ತದೆ. ತಳದ ಅಂಚು ದುಂಡಾಗಿರುವುದರಿಂದ ನಿಜವಾಗಿ ಇನ್ನೂ ಬೇಗ ಉರುಳೀತು. ಪಕ್ಕದಿಂದ ಒಂದು ಅಲೆ ಬಂದರೆ ಸಣ್ಣ ದೋಣಿಯು ಅಷ್ಟು ವಾಲುವುದು ಸಾಮಾನ್ಯ ಸಂಗತಿ. ಬಿದ್ದ 17 ಕಿಲೋಗ್ರಾಂ ಲೋಹವು ಒಬ್ಬನ ಪಾದವನ್ನು ಜಜ್ಜಬಹುದು. ಫೈಬರ್ ದೋಣಿಯ ತಳವನ್ನು ಸೀಳಬಹುದು. ಕವಾಟವೇ ಮೊದಲು ತಗಲಿದರೆ ಮೇಲೆ ಹೇಳಿದ ಅಪರೂಪದ ಅನಾಹುತಕ್ಕೂ ದಾರಿಯಾಗಬಹುದು.

ಹಾಗಾದರೆ ಮಲಗಿಸಬಹುದೇ? ಗಾಳಿಯ ಸಿಲಿಂಡರಿನ ವಿಷಯದಲ್ಲಿ ಧಾರಾಳವಾಗಿ ಮಲಗಿಸಬಹುದು. ಅಡುಗೆ ಅನಿಲವು ಸಿಲಿಂಡರಿನೊಳಗೆ ದ್ರವರೂಪದಲ್ಲಿರುತ್ತದೆ. ಮಲಗಿಸಿದರೆ ದ್ರವವೇ ಕವಾಟಕ್ಕೆ ಬರುತ್ತದೆ. ಬೆಸುಗೆಯವರ ಅಸಿಟಿಲೀನ್ ಅನಿಲವು ಅಸಿಟೋನ್ ಎಂಬ ದ್ರವದಲ್ಲಿ ಕರಗಿರುತ್ತದೆ, ಅದನ್ನೂ ಮಲಗಿಸಕೂಡದು. ಮುಳುಗುಗಾರನ ಸಿಲಿಂಡರಿನಲ್ಲಾದರೋ ಇರುವುದು ಬರಿಯ ಗಾಳಿ. ಅದಕ್ಕೆ ಮೇಲೆ ಕೆಳಗೆ ಎಂಬುದಿಲ್ಲ. ಲಾರಿಯ ಆಕ್ಸಿಜನ್ ಕೂಡ ಅನಿಲವೇ. ಅದು ನಿಂತಿರುವುದು ಇಳಿಸಿ ಏರಿಸುವ ಅನುಕೂಲಕ್ಕಾಗಿ ಮತ್ತು ಸರಪಳಿಯ ಬಲದಿಂದ. ಮಲಗಿಸಿದಾಗ ಗುರುತ್ವಕೇಂದ್ರವು 33 ಸೆಂಟಿಮೀಟರಿನಿಂದ 9ಕ್ಕೆ ಇಳಿಯುತ್ತದೆ. ಭಾರವು ಕೆಳಗಿದ್ದಷ್ಟೂ ದೋಣಿ ಸ್ಥಿರವಾಗಿರುತ್ತದೆಂಬುದು ಕೆರೆಯಲ್ಲಿ ಹರಿಗೋಲು ಹತ್ತಿದವರಿಗೆಲ್ಲ ತಿಳಿದುದೇ.

ಆದರೆ ಮಲಗಿಸಿದ ಸಿಲಿಂಡರು ಚಕ್ರವೂ ಆಗುತ್ತದೆಂಬುದನ್ನು ಮರೆಯಲಾಗದು. ದೋಣಿಯ ಉದ್ದಕ್ಕೆ ಸಮನಾಗಿ ಮಲಗಿಸಿ ಕಟ್ಟದೆ ಬಿಟ್ಟಿದ್ದಾರೆನ್ನೋಣ. ದೋಣಿಯು 10 ಡಿಗ್ರಿ ವಾಲಿದರೆ, ಒಂದೂವರೆ ಮೀಟರು ಅಗಲವನ್ನು ಅದು ಎರಡು ಸೆಕೆಂಡಿಗೂ ಕಡಮೆ ಕಾಲದಲ್ಲಿ ಉರುಳಿ ದಾಟುತ್ತದೆ. ಆಚೆಯ ಪಕ್ಕವನ್ನು ಗುದ್ದುವಾಗ ಅದರ ವೇಗವು ಚುರುಕಾಗಿ ನಡೆಯುವವನ ವೇಗಕ್ಕಿಂತ ಕಡಮೆಯಿರದು. (ಟೊಳ್ಳು ಉರುಳೆಯ ಜಡತ್ವಭ್ರಮಣವನ್ನು ಲೆಕ್ಕಕ್ಕೆ ಸೇರಿಸಿ ವಿದ್ಯಾರ್ಥಿಗಳೇ ಇದನ್ನು ಸಾಧಿಸಿ ನೋಡಲಿ.) ಒಂದಲ್ಲ, ಆರೂ ಉರುಳಿದರೆ? ನೂರು ಕಿಲೋಗ್ರಾಮಿಗೂ ಮೀರಿದ ಭಾರವು, ಇಬ್ಬರು ಪ್ರಯಾಣಿಕರು ಒಮ್ಮೆಗೇ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿದಂತೆ ಸರಿಯುತ್ತದೆ. ಅದೂ ಎಲ್ಲಿಗೆ? ದೋಣಿ ಯಾವ ಕಡೆಗೆ ಈಗಾಗಲೇ ವಾಲಿದೆಯೋ ಆ ಕಡೆಗೇ! ಕಟ್ಟಿದ ಭಾರವು ದೋಣಿಯನ್ನು ಮತ್ತೆ ನೇರವಾಗಲು ಬಿಡುತ್ತದೆ. ಕಟ್ಟದ ಭಾರವು ವಾಲುವಿಕೆಯನ್ನು ಹಿಂಬಾಲಿಸಿ ಹೆಚ್ಚಿಸುತ್ತದೆ. ದೋಣಿಯ ತಳದಲ್ಲಿ ನಿಂತ ನೀರು ಅಪಾಯಕರವಾಗುವುದೂ ಇದೇ ಕಾರಣದಿಂದ.

ಅಡ್ಡಲಾಗಿ ಮಲಗಿಸಿದರೆ ಪಕ್ಕದ ವಾಲಿಕೆಗೆ ಅದು ಉರುಳುವುದಿಲ್ಲ, ನಿಜ. ಆದರೆ ದೋಣಿಯ ಮೂತಿ ಅಲೆಯನ್ನೇರಿ ಇಳಿಯುವಾಗ ಹಿಂದುಮುಂದಾಗಿ ಉರುಳುತ್ತದೆ; ಒದ್ದೆಯಾದ ನುಣುಪು ತಳದಲ್ಲಿ ಘರ್ಷಣೆಯೂ ಅದರ ಜಾರುವಿಕೆಯನ್ನು ತಡೆಯಲಾರದು. ಯಾವ ಕಡೆಗೆ ಮಲಗಿಸಿದರೂ ಕಟ್ಟುವುದು ತಪ್ಪದು.

ಕಟ್ಟುವುದರಲ್ಲಿಯೂ ಭೌತಶಾಸ್ತ್ರವಿದೆ. ಮುರುಡೇಶ್ವರದ ಆ ದೋಣಿಯಲ್ಲಿ ಎರಡು ಹಲಗೆಗಳಿಗೆ ಅರ್ಧಚಂದ್ರದಂತೆ ಕುಳಿಗಳನ್ನು ಕೊರೆದು ದೋಣಿಯ ನಡುಭಾಗದ ತಳಕ್ಕೆ ಬಿಗಿದಿದ್ದರು. ಪ್ರತಿಯೊಂದು ಸಿಲಿಂಡರೂ ತನ್ನ ಕುಳಿಯಲ್ಲಿ ಕೂರುತ್ತಿತ್ತು. ಕುಳಿಗಳಿಗೆ ಹಳೆಯ ಟೈರಿನ ರಬ್ಬರನ್ನು ಹೊದಿಸಿದ್ದರು. ರಬ್ಬರಿನಿಂದ ಘರ್ಷಣೆ ಹೆಚ್ಚುತ್ತದೆ. ಅಲ್ಲದೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮಿಗೆ ಉಕ್ಕಿನ ಮೊಳೆ ನೇರವಾಗಿ ತಾಗಿ ವಿದ್ಯುತ್ಕೋಶದಂತೆ ಕೊರೆತವುಂಟಾಗುವುದೂ ತಪ್ಪುತ್ತದೆ. ಪಟ್ಟಿಗಳು ಎರಡಿರಬೇಕು, ಒಂದು ಹೆಗಲಿನ ಬಳಿ, ಒಂದು ತಳದ ಬಳಿ. ನಡುವೆ ಒಂದನ್ನೇ ಕಟ್ಟಿದರೆ ಆ ಪಟ್ಟಿಯೇ ತಿರುಗಣಿಯಾಗಿ ಸಿಲಿಂಡರು ತಕ್ಕಡಿಯ ದಂಡದಂತೆ ಆಡುತ್ತದೆ. ಕವಾಟಕ್ಕೆ ಹಗ್ಗ ಸುತ್ತುವುದಂತೂ ಸಲ್ಲದು. ನಮ್ಮ ಕಡೆ ಸೈಕಲ್ಲಿನ ಕ್ಯಾರಿಯರಿಗೆ ಸಾಮಾನು ಕಟ್ಟಲು ಹಳೆಯ ಟ್ಯೂಬನ್ನು ಬಳಸುವುದುಂಟು. ಇಲ್ಲಿ ಅದು ಒಳ್ಳೆಯದಲ್ಲ. ಎಳೆದಾಗ ಹಿಗ್ಗುವ ಪಟ್ಟಿಯು ಪ್ರತಿಯೊಂದು ಅಲೆಗೂ ಭಾರವನ್ನು ತುಸು ಆಡಲು ಬಿಡುತ್ತದೆ, ಆಟ ಬೆಳೆಯುತ್ತದೆ. ಹಿಗ್ಗದ ನೇಯ್ಗೆಯ ಪಟ್ಟಿಯೇ ಲೇಸು.

ಪಟ್ಟಿ ಎಷ್ಟು ಗಟ್ಟಿಯಿರಬೇಕು? ಗಂಟೆಗೆ 18 ಕಿಲೋಮೀಟರು ವೇಗದ ದೋಣಿಯು ಅಲೆಗೆ ಗುದ್ದಿ ಕಾಲು ಸೆಕೆಂಡಿನಲ್ಲಿ ಅರ್ಧವೇಗಕ್ಕೆ ಇಳಿದರೆ, ಪ್ರತಿಯೊಂದು ಸಿಲಿಂಡರೂ ತನ್ನ ತೂಕದಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಆರನ್ನೂ ಒಂದೇ ಹಗ್ಗದಿಂದ ಕಟ್ಟಿದ್ದರೆ ಆ ಹಗ್ಗವು ನೂರು ಕಿಲೋಗ್ರಾಮಿನ ಭಾರವನ್ನು ಜಗ್ಗಿ ಹಿಡಿಯಬೇಕು; ಅದು ಹರಿದರೆ ಆರೂ ಬಿಡುಗಡೆ.

ಬಿಸಿಲಿನ ಮಾತು ಸ್ವಲ್ಪ. 27 ಡಿಗ್ರಿಯಲ್ಲಿ 207 ಬಾರ್ ಇದ್ದ ಒತ್ತಡವು ಸಿಲಿಂಡರು 57 ಡಿಗ್ರಿಗೆ ಕಾದರೆ ಹತ್ತನೆಯ ಒಂದು ಪಾಲು ಏರಿ 228ರಷ್ಟಾಗುತ್ತದೆ. ಇಷ್ಟಕ್ಕೆ ಪಾತ್ರೆ ಸಿಡಿಯದು; ಆದರೂ ನೆರಳಿನಲ್ಲಿಡುವುದು, ಒದ್ದೆ ಗೋಣಿಯನ್ನು ಹೊದಿಸುವುದು ಕಷ್ಟದ ಕೆಲಸವಲ್ಲ.

ಮರಳಿ ಬರುವಾಗ ಕಟ್ಟು ಸಡಿಲವಾಗುವುದು ಹೆಚ್ಚು. ದಣಿವಿರುತ್ತದೆ, ಸಿಲಿಂಡರು ‘ಖಾಲಿ’ಯೆಂಬ ಭಾವನೆಯಿರುತ್ತದೆ. ಮುಳುಗುಗಾರರು ಸಾಮಾನ್ಯವಾಗಿ 50 ಬಾರ್ ಗಾಳಿ ಉಳಿದಿರುವಾಗಲೇ ಮೇಲೇಳುತ್ತಾರೆ; ಖರ್ಚಾದ ಗಾಳಿಯ ತೂಕ ಎರಡು ಕಿಲೋಗ್ರಾಂ ಮಾತ್ರ. ಉಳಿದ 15 ಕಿಲೋಗ್ರಾಂ ಹಾಗೆಯೇ ಇರುತ್ತದೆ. ಇನ್ನೊಂದು ಸ್ವಾರಸ್ಯ: ತುಂಬಿದ ಅಲ್ಯೂಮಿನಿಯಂ ಸಿಲಿಂಡರು ಕಡಲಿಗೆ ಬಿದ್ದರೆ ಮುಳುಗುತ್ತದೆ, ಪೂರ್ತಿ ಬರಿದಾದುದು ತೇಲುತ್ತದೆ. ಪಾತ್ರೆ ಅದೇ, ತಳ್ಳುವ ನೀರು ಅಷ್ಟೇ. ವ್ಯತ್ಯಾಸವೆಲ್ಲ ಒಳಗಿದ್ದ ಗಾಳಿಯದು. ಗಾಳಿಗೆ ತೂಕವಿದೆಯೆಂದು ತೋರಿಸಲು ನಾನು ತರಗತಿಯಲ್ಲಿ ಇಂದಿಗೂ ಫುಟ್‌ಬಾಲನ್ನು ತಕ್ಕಡಿಯಲ್ಲಿ ತೂಗುತ್ತೇನೆ. ಆ ದೋಣಿಯವರು ಅದನ್ನು ದಿನವೂ ಕೈಯಲ್ಲೇ ತೂಗಿ ಬಲ್ಲರು. ಸಂಜೆ ದಂಡೆಗೆ ಬಂದಾಗ ಅವರ ಆರು ಸಿಲಿಂಡರುಗಳೂ ಬೆಳಿಗ್ಗೆ ಕಟ್ಟಿದ್ದ ಕುಳಿಗಳಲ್ಲೇ, ಎರಡೆರಡು ಪಟ್ಟಿಗಳಡಿಯಲ್ಲಿ ಮಲಗಿದ್ದವು.