ಬಟ್ಟೆ ಹರಿದಿದೆ ಸರಿ, ಕಮಾನು ನೆಟ್ಟಗಿದೆಯೇ?

ಹಳೆಯ ಬೀಟಲ್ ಕನ್ವರ್ಟಿಬಲ್‌ಗೆ ಹೊಸ ಟಾಪು ಹಾಕಿಸಹೊರಟವರು ಮೊದಲು ಹುಡುಕುವುದು ಬಟ್ಟೆಯನ್ನು. ಕೆಲಸ ಕೆಡುವುದೂ ಅಲ್ಲಿಂದಲೇ. ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಕಾರ್ಮನ್ ಕಂಪನಿ 1949ರಿಂದ 1980ರವರೆಗೆ ಕಟ್ಟಿದ ಈ ಕಾರಿನ ಟಾಪಿನಲ್ಲಿ ಒಳಬಟ್ಟೆ, ದಪ್ಪನೆಯ ಮೆತ್ತೆ, ಮೇಲ್ಹೊದಿಕೆ ಎಂದು ಪದರಗಳಿವೆ. ಮಡಚಿದಾಗ ಅದು ಹಿಂದೆ ಗುಡ್ಡೆಯಾಗಿ ಕೂತು ಹಿನ್ನೋಟಕ್ಕೆ ಅಡ್ಡ ಬರುವುದೂ ಇದರಿಂದಲೇ. ಇಷ್ಟನ್ನೂ ಹೊರುವುದು ಉಕ್ಕಿನ ಕಮಾನುಗಳು ಮತ್ತು ಮರದ ಪಟ್ಟಿಗಳು. ಬಟ್ಟೆ ಬಿಗಿಯಾಗಬಲ್ಲದೇ ಹೊರತು ಸೊಟ್ಟ ಚೌಕಟ್ಟನ್ನು ನೆಟ್ಟಗೆ ಮಾಡಲಾರದು.

ಆದ್ದರಿಂದ ಕಾರನ್ನು ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಬಾಗಿಲ ಸುತ್ತಲಿನ ಸಂದು ಒಂದೇ ಸಮ ಇದೆಯೇ ನೋಡಿ. ಗಟ್ಟಿ ಚಾವಣಿ ಇಲ್ಲದ ಕಾರಿನಲ್ಲಿ ಬಾಗಿಲ ಕೆಳಗಿನ ತೊಲೆ ತುಕ್ಕು ಹಿಡಿದರೆ ಬಾಡಿ ನಡುವೆ ಜಗ್ಗುತ್ತದೆ. ಅದನ್ನು ಸರಿಪಡಿಸದೆ ಮುಂದೆ ಹೋಗುವುದು ವ್ಯರ್ಥ. ಹಳೆಯ ಬಟ್ಟೆ ಬಿಚ್ಚುವ ಮುನ್ನ ಕಮಾನುಗಳ ನಡುವಿನ ಅಂತರ ಅಳೆದು, ಫೋಟೊ ತೆಗೆದಿಡಿ. ಬಿಚ್ಚಿದ ಮೇಲೆ ಬರಿಯ ಚೌಕಟ್ಟನ್ನು ಎತ್ತಿ ಕೊಂಡಿ ಹಾಕಿ, ಗಾಜುಗಳನ್ನು ಏರಿಸಿ. ಕೀಲು ಅಲುಗಾಡಿದರೆ ರಿವೆಟ್ ಬದಲಿಸಿ. ಮರಕ್ಕೆ ದಬ್ಬಳ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಲಪ್ಪ ತುಂಬಿ ಸಾಗಹಾಕಬೇಡಿ, ಮೊಳೆ ಅಲ್ಲಿ ನಿಲ್ಲುವುದಿಲ್ಲ.

ಇಷ್ಟಕ್ಕೆಲ್ಲ ದುಡ್ಡು, ದಿನ ಎರಡೂ ಹೆಚ್ಚು ಬೇಕಲ್ಲ ಎನ್ನಬಹುದು. ನಿಜ. ಆದರೆ ಸೊಟ್ಟ ಕಮಾನಿನ ಮೇಲೆ ಹೊಸ ಬಟ್ಟೆ ಬಿಗಿದರೆ ಅದನ್ನು ಮತ್ತೆ ಬಿಚ್ಚಬೇಕು. ಒಂದೊಂದು ಸಲ ಮೊಳೆ ಕಿತ್ತಾಗಲೂ ಮರ ಸವೆಯುತ್ತದೆ. ಮೆತ್ತೆಗೆ ಅಗ್ಗದ ಸ್ಪಂಜು ಸಾಲದೇ ಎಂಬ ಮಾತೂ ಬರುತ್ತದೆ. ನೀರು ಹೀರಿ ಹಿಡಿದಿಟ್ಟುಕೊಳ್ಳುವ ಸ್ಪಂಜು ಕೆಳಗಿನ ಮರವನ್ನು ಕೊಳೆಸುತ್ತದೆ, ಅಲ್ಲಿಗೆ ಉಳಿತಾಯ ಮುಗಿಯಿತು.

ಇನ್ನು ಬಟ್ಟೆ. ಒಳಬಟ್ಟೆ, ಮೆತ್ತೆ, ಮೇಲ್ಹೊದಿಕೆ ಎಂಬ ಕ್ರಮದಲ್ಲಿ ಹೋಗಿ. ಮೇಲ್ಹೊದಿಕೆಯ ನಡುಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ನಡುವಿನಿಂದ ಅಂಚಿನತ್ತ ಮೊಳೆಗಳನ್ನು ಅರ್ಧಕ್ಕಷ್ಟೇ ಹೊಡೆಯುತ್ತ ಬನ್ನಿ. ಸುಕ್ಕು ಕಂಡರೆ ಕಿತ್ತು ಎಳೆಯಲು ಸುಲಭ. ವಿನೈಲ್ ಆದರೆ ಬಿಸಿಲಲ್ಲಿ ಹರಡಿಟ್ಟರೆ ಹದಕ್ಕೆ ಬರುತ್ತದೆ. ಮುಗಿದ ಮೇಲೆ ಕೆಲವು ದಿನ ಮಡಚಬೇಡಿ. ಒದ್ದೆಯಾಗಿದ್ದಾಗ ಎಂದೂ ಬೇಡ. ಕೊನೆಗೆ ಪೈಪಿನಿಂದ ನೀರು ಹಾಯಿಸಿ. ಗಾಜಿನ ಮೂಲೆಯಲ್ಲಿ ತೊಟ್ಟಿಕ್ಕಿದರೆ ಬಟ್ಟೆಯವನನ್ನು ಬೈಯುವ ಮುನ್ನ ಬಾಗಿಲ ಗಾಜು ರಬ್ಬರಿಗೆ ಕೂತಿದೆಯೇ ನೋಡಿ.